ಒಂದೇ ದೀಪದ ಸಂಸಾರ

ಕರೆಂಟ್ ಬಿಲ್ಲು ಓದುವಾಗ ಸ್ಟೋರ್‌ಕೀಪರ್ ಸಾಹೇಬರ ಮುಖ ಸಾವಿನ ಸುದ್ದಿ ಓದುವವರ ಮುಖದಂತಾಗುತ್ತಿತ್ತು. ಆ ತಿಂಗಳಂತೂ ಸತ್ತವರು ತೀರಾ ಹತ್ತಿರದ ನೆಂಟರೇ ಇರಬೇಕು ಅನ್ನಿಸುವಂತಿತ್ತು.

"ಈ ಮನೇಲಿ ದೀಪಗಳಿಗೆ ಹೇಳೋರು ಕೇಳೋರು ಯಾರೂ ಇಲ್ಲ!" ಎಂದು ಗುಡುಗಿದರು.

"ಮನುಷ್ಯರಿಗೇ ಇಲ್ಲ, ಇನ್ನು ದೀಪಕ್ಕೆಲ್ಲಿಂದ ಬರ್ಬೇಕು?" ಎಂದು ಅಡುಗೆಮನೆಯಿಂದ ಹೆಂಡತಿಯ ಉತ್ತರ ಬಂತು.

ಸಾಹೇಬರು ಒಂದು ಮುದ್ರಣಾಲಯದ ಉಗ್ರಾಣಾಧಿಪತಿಗಳು. ಹೊಸ ಪೊರಕೆ ಬೇಕೆಂದವನು ಹಳೆಯ ಪೊರಕೆಯ ಅಸ್ಥಿಯನ್ನು ತಂದು ತೋರಿಸಬೇಕು. ಹೊಸ ರೀಫಿಲ್ ಬೇಕೆಂದರೆ ಹಳೆಯದನ್ನು ಬೆಳಕಿಗೆ ಹಿಡಿದು, ತಳದಲ್ಲಿ ಇನ್ನೂ ಒಂದು ರಜಾ ಅರ್ಜಿಗಾಗುವಷ್ಟು ಶಾಯಿಯಿದೆಯೆಂದು ವಾಪಸು ಕಳಿಸುತ್ತಿದ್ದರು. ಅಂಥವರ ಮನೆಯಲ್ಲೇ ಬಚ್ಚಲ ದೀಪ ಹಗಲೂ ಉರಿಯುತ್ತಿತ್ತು. (ಊರಿಗೆಲ್ಲ ಶಕುನ ಹೇಳಿದ ಹಲ್ಲಿ ಕೊನೆಗೆ ಬಿದ್ದದ್ದೂ ಬಚ್ಚಲಿಗೇ ಅಲ್ಲವೇ!)

"ನಿಮ್ಮ ಕೈಲಾಗಲ್ಲ ಅಂದ್ರೆ ದುಡ್ಡಿನ ಬೀರುವಿನ ಬೀಗದ ಕೈ ನನಗೆ ಕೊಡಿ. ನಾನು ನೋಡ್ಕೋತೀನಿ," ಎಂದಳು ಹೆಂಡತಿ.

ಸಾಹೇಬರ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಅಪ್ಪನ ಸೊಂಟದಿಂದ ನೇರವಾಗಿ ತಮ್ಮ ಸೊಂಟಕ್ಕೆ ಇಳಿದುಬಂದ ಬೀಗದ ಕೈ ಅದು. "ಈ ತಿಂಗಳು ಖರ್ಚು ಇಳಿಸಿ ತೋರಿಸ್ತೀನಿ. ಇಳೀಲಿಲ್ಲ ಅಂದ್ರೆ ಬೀಗದ ಕೈ ನಿಂದೇ, ಹೋಗು!" ಎಂದು ಭೀಷ್ಮಪ್ರತಿಜ್ಞೆ ಮಾಡಿಬಿಟ್ಟರು.

ಮಾಡಿದ ಮೇಲೆ ಅಪ್ಪ ನೆನಪಾದರು. ಅಪ್ಪನ ಕಾಲದಲ್ಲಿ ಇಡೀ ಮನೆಗೆ ಒಂದೇ ಬಲ್ಬು. ಅದಕ್ಕೊಂದು ಉದ್ದನೆಯ ವೈರು. ಸಂಜೆಯೆಲ್ಲ ನಡುಮನೆಯ ಮೊಳೆಗೆ ತೂಗುತ್ತಿದ್ದ ಅದನ್ನು ಊಟದ ಹೊತ್ತಿಗೆ ಅಪ್ಪ ಕೈಯಲ್ಲಿ ಹಿಡಿದು ಅಡುಗೆಮನೆಗೆ ಹೊರಡುವರು. ಹಿಂದಿನಿಂದ ಅಮ್ಮ, ಅಕ್ಕಂದಿರು, ಕೊನೆಗೆ ನಿದ್ದೆಗಣ್ಣಿನ ಪುಟ್ಟ ಸಾಹೇಬರು. ಗೋಡೆಯ ಮೇಲೆ ಎಲ್ಲರ ನೆರಳುಗಳೂ ದೈತ್ಯರಂತೆ ಜೊತೆಗೆ ಬರುತ್ತಿದ್ದವು. ಊಟವಾದ ಮೇಲೆ ಅಪ್ಪ ಅಂಗಡಿಯ ಪೊಟ್ಟಣದ ಕಾಗದ ಬಿಡಿಸಿ ಅದರಲ್ಲಿದ್ದ ಕಥೆಯನ್ನು ಗಟ್ಟಿಯಾಗಿ ಓದುವರು. ಕೊನೆ ಹರಿದುಹೋಗಿದ್ದರೆ ತಾವೇ ಒಂದು ಕಟ್ಟಿ ಹೇಳುವರು. ಆ ಕೊನೆಗಳಲ್ಲಿ ಯಾರೂ ಸಾಯುತ್ತಿರಲಿಲ್ಲ.

ಅದೇ ಸಂಜೆ ಸಾಹೇಬರು ನಡುಮನೆಯದೊಂದನ್ನು ಬಿಟ್ಟು ಮಿಕ್ಕೆಲ್ಲ ಬಲ್ಬುಗಳನ್ನು ಬಿಚ್ಚಿ ಟ್ರಂಕಿಗೆ ಸೇರಿಸಿದರು.

"ಅಪ್ಪಾ, ಬಚ್ಚಲಿಗೆ ಹೋಗೋಕೆ ಯಾರ ಹತ್ರ ಅರ್ಜಿ ಕೊಡ್ಬೇಕು?" ಎಂದು ಕೇಳಿದಳು ಕಾಲೇಜಿಗೆ ಹೋಗುವ ಮಗಳು.

ಮೊದಲ ಸಂಜೆ ನಡುಮನೆಯಲ್ಲಿ ಮೂರು ತಲೆಮಾರು ಮುಖ ಊದಿಸಿಕೊಂಡು ಕೂತಿತು. ಎರಡನೆಯ ಸಂಜೆ ಸಾಹೇಬರ ತಾಯಿ ಸುಮ್ಮನಿರಲಾಗದೆ, ಕತ್ತಲಲ್ಲಿ ಬೆಕ್ಕೆಂದುಕೊಂಡು ಗಂಡನ ಟೋಪಿಗೆ ಹಾಲು ಹಾಕಿದ ಕಥೆ ತೆಗೆದರು. ಮಗಳು ಫೋನು ಕೆಳಗಿಟ್ಟಳು. "ಆಮೇಲೆ, ಅಜ್ಜಿ?" ಎಂದಳು. ಅಷ್ಟು ಸಾಕಾಯಿತು. ಕತ್ತಲಾಗುವುದನ್ನೇ ಮನೆಮಂದಿಯೆಲ್ಲ ಕಾಯತೊಡಗಿದರು.

ಪಕ್ಕದ ಮನೆಯ ದರ್ಜಿ ಇಣುಕಿದ. "ಏನ್ ಸಾಹೇಬ್ರೇ, ಮನೆಯೆಲ್ಲಾ ಕತ್ಲೆ, ಇಲ್ಲಿ ನೋಡಿದ್ರೆ ನಗು?" ಸಾಹೇಬರು ಅವನಿಗೆ ಮಿತವ್ಯಯದ ಮೇಲೆ ಸುದೀರ್ಘ ಪ್ರವಚನ ಕೊಟ್ಟರು. ಮರುದಿನ ಸಂಜೆ ಅವನು ಗುಂಡಿ ಹಾಕುವ ಅಂಗಿಗಳ ಗಂಟನ್ನೂ ಹೆಂಡತಿಯನ್ನೂ ಕಟ್ಟಿಕೊಂಡು ಬಂದ.

"ನಿಮ್ಮ ಮಾತು ಮನಸ್ಸಿಗೆ ನಾಟ್ತು ಸಾಹೇಬ್ರೇ. ಇನ್ಮೇಲೆ ನಮ್ಮನೇಲೂ ಒಂದೇ ದೀಪ."

"ಭೇಷ್! ಯಾವ ಕೋಣೇದು?"

"ಇದೇ," ಎಂದು ಸಾಹೇಬರ ತಲೆಯ ಮೇಲಿನ ಬಲ್ಬನ್ನು ತೋರಿಸಿ, ಅದರಡಿ ಚಕ್ಕಂಬಕ್ಕಳ ಹಾಕಿ ಕೂತ.

ಬಂದವರಿಗೆ ಟೀ ಕೊಡದಿರಲಾದೀತೇ? ಬರೀ ಟೀ ಆದೀತೇ? ಬಿಸ್ಕತ್ತು ಬಂತು, ಹುರಿದ ಕಡಲೆಕಾಯಿ ಬಂತು. ಅಷ್ಟು ಜನರ ಸೆಕೆಗೆ ಫ್ಯಾನು ಜೋರಾಯಿತು. ಕಥೆ ರಂಗೇರಿದಾಗ "ಇನ್ನೊಂದು ಸುತ್ತು ಟೀ ಆಗ್ಲಿ ಕಣೇ!" ಎಂದು ಅರಸನ ಗತ್ತಿನಲ್ಲಿ ಕೂಗುತ್ತಿದ್ದವರು ಬೇರೆ ಯಾರೂ ಅಲ್ಲ, ಮಿತವ್ಯಯದ ಪ್ರವರ್ತಕರೇ.

ತಿಂಗಳು ಮುಗಿಯಿತು. ಬಿಲ್ಲು ಇಳಿದಿತ್ತು! ಸಾಹೇಬರು ಅದನ್ನು ಬಿರುದಿನ ಪತ್ರದಂತೆ ಎತ್ತಿ ಹಿಡಿದರು. ಹೆಂಡತಿ ದಿನಸಿ ಅಂಗಡಿಯ ಚೀಟಿಯನ್ನು ಪಕ್ಕಕ್ಕಿಟ್ಟಳು. ಟೀಪುಡಿ, ಸಕ್ಕರೆ, ಹಾಲು, ಬಿಸ್ಕತ್ತು, ಕಡಲೆಕಾಯಿ. ಇಳಿದದ್ದು ಅಂಗುಲ, ಏರಿದ್ದು ಮಾರು.

"ಇದೇ ಒಂದು ದೀಪದಲ್ಲಿ ಅಪ್ಪ ಅಷ್ಟೆಲ್ಲಾ ಹೇಗಮ್ಮಾ ಉಳಿಸ್ತಿದ್ರು?" ಸಾಹೇಬರು ದೈನ್ಯದಿಂದ ತಾಯಿಯ ಕಡೆ ತಿರುಗಿದರು.

ತಾಯಿ ಬೊಚ್ಚುಬಾಯಿ ಬಿಟ್ಟು ನಕ್ಕರು. "ಉಳಿಸ್ತಿದ್ರಾ? ಅವರಿಗೆ ಒಬ್ಬರೇ ಒಂದು ಕೋಣೇಲಿ ಕೂರೋಕೆ ಆಗ್ತಾನೇ ಇರ್ಲಿಲ್ಲ ಕಣೋ. ಇನ್ನೊಂದು ಬಲ್ಬ್ ಹಾಕಿಸಿದ್ರೆ ನೀವೆಲ್ಲ ಅತ್ತ ಹೋಗ್ಬಿಡ್ತೀರ ಅಂತ ಭಯ. ಗಂಡಸು, ಹಾಗಂತ ಬಾಯಿಬಿಟ್ಟು ಹೇಳೋಕಾಗುತ್ತಾ? ಉಳಿತಾಯ ಅಂದ್ರು."

"ಮತ್ತೆ ಈ ಬೀಗದ ಕೈ? ಹಣವೆಲ್ಲಾ ಅವರ ಕೈಲೇ ಇತ್ತಲ್ಲ?"

"ಬೀಗದ ಕೈ ಅವರ ಹತ್ರ ಇತ್ತು. ಹಣ ನನ್ನ ಅಕ್ಕಿ ಡಬ್ಬದಲ್ಲಿತ್ತು."

ಸಾಹೇಬರು ಸೊಂಟದಿಂದ ಬೀಗದ ಕೈ ಬಿಚ್ಚಿ ಹೆಂಡತಿಗೆ ಕೊಟ್ಟರು. ಟ್ರಂಕಿನಿಂದ ಬಲ್ಬುಗಳನ್ನು ತೆಗೆದು ಸ್ಟೂಲು ಹತ್ತಿದರು. ಯಾಕೋ ಕೈ ಮೇಲೇಳಲೇ ಇಲ್ಲ. ಮಗಳ ಕೋಣೆಯಲ್ಲಿ ದೀಪ ಹತ್ತಿದರೆ ಮಗಳು ಅತ್ತ ಹೋಗುತ್ತಾಳೆ. ಅಮ್ಮನ ಕೋಣೆಯಲ್ಲಿ ಹತ್ತಿದರೆ ಅಮ್ಮ.

"ಇಳೀರಿ ಕೆಳಗೆ," ಎಂದಳು ಹೆಂಡತಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ. "ಬಲ್ಬ್ ಹಾಕಿ ಅಂತ ಯಾರು ಹೇಳಿದ್ರು ನಿಮಗೆ? ನನ್ನ ಆಳ್ವಿಕೇಲೂ ಒಂದೇ ದೀಪ. ಆದ್ರೆ ಟೀ ಖಾತೆ ನಿಮ್ಮದು. ಮಾಡೋದೂ ನೀವೇ, ಲೋಟ ತೊಳೆಯೋದೂ ನೀವೇ. ನಡೀರಿ, ದರ್ಜಿ ಬರೋ ಹೊತ್ತಾಯ್ತು."

ಕತ್ತಲೆಯ ಅಡುಗೆಮನೆಯಲ್ಲಿ, ಒಲೆಯ ನೀಲಿ ಬೆಳಕೊಂದನ್ನೇ ನಂಬಿ, ಮಾಜಿ ಯಜಮಾನರು ಹಾಲಿಟ್ಟು ನಿಂತರು. ನಡುಮನೆಯಿಂದ ಅಮ್ಮನ ದನಿ ಕೇಳಿಸಿತು: "ಇವನು ಚಿಕ್ಕವನಿದ್ದಾಗ ಒಂದಿನ ತನ್ನ ನೆರಳು ನೋಡಿ ತಾನೇ ಹೆದರಿ, ಚಡ್ಡಿ..."

"ಅಮ್ಮಾ! ಅದು ಹಾಗಲ್ಲ! ತಡಿ, ನಾನೇ ಸರಿಯಾಗಿ ಹೇಳ್ತೀನಿ!" ಸಾಹೇಬರು ಓಡಿಬಂದು ದರ್ಜಿಯ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತರು.

ಒಳಗೆ ಹಾಲು ಉಕ್ಕಿ ಸುಂಯ್ ಎಂದಿತು. ಎಲ್ಲರಿಗೂ ಕೇಳಿಸಿತು. ಯಾರೂ ಏಳಲಿಲ್ಲ, ಸಾಹೇಬರಂತೂ ಏಳಲೇ ಇಲ್ಲ.