ಭಾನುವಾರ ತೋಟಕ್ಕೆ ಬಂದವರು

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಒಂದು ಸಸ್ಯೋದ್ಯಾನ, ಅದರೊಳಗೇ ಒಂದು ಚಿತ್ರಶಾಲೆ. ಅಲ್ಲಿ ಭಾನುವಾರದ ಕಾರ್ಯಕ್ರಮ ನಡೆಸುವುದು ನನ್ನ ಕೆಲಸ. ನಾನು ಎಷ್ಟೇ ತಯಾರಿ ಮಾಡಿಕೊಂಡಿರಲಿ, ಬಂದ ಜನ ಅದನ್ನು ತಮ್ಮ ದಾರಿಗೇ ಎಳೆದುಕೊಂಡು ಹೋಗುತ್ತಾರೆ. ಮನೆಗೆ ಬಂದು ಹೇಳಿದರೆ ಹೆಂಡತಿ, "ಇಷ್ಟು ನಕ್ಕು ಬರಾಕ ಸಂಬಳಾನೂ ಕೊಡ್ತಾರೇನ್ರಿ?" ಅಂತಾಳೆ.

ಮೌನ ನಡಿಗೆ

ಹಕ್ಕಿಗಳ ದನಿ ಕೇಳಲೆಂದು ಒಂದು ಮುಂಜಾನೆ ಮೌನ ನಡಿಗೆ ಇಟ್ಟಿದ್ದೆ. ಯಾರೂ ತುಟಿ ಬಿಚ್ಚುವಂತಿಲ್ಲ. ಹಂಪಿ ಬಜಾರ್‌ನಲ್ಲಿ ಪ್ರವಾಸಿಗರಿಗೆ ಗೈಡ್ ಆಗಿರುವ ಒಬ್ಬರು ಹೆಂಡತಿಯೊಂದಿಗೆ ಬಂದಿದ್ದರು. ಪಾಪ, ಬಾಯಿಗೆ ಟವೆಲ್ ಒತ್ತಿಕೊಂಡೇ ನಡೆದರು. ಅಷ್ಟರಲ್ಲಿ ದಾರಿ ಬದಿಗೆ ಒಂದು ಹಳೇ ಕಲ್ಲಿನ ಕಂಬ ಕಂಡಿತು. ಕೈ ತಾನಾಗಿಯೇ ಮೇಲೆದ್ದಿತು. ಆನೆಯ ಸೊಂಡಿಲು, ಕುದುರೆ ಸವಾರಿ, ರಾಜನ ಮೀಸೆ, ಕೊನೆಗೊಂದು ಯುದ್ಧ, ಎಲ್ಲವನ್ನೂ ಸನ್ನೆಯಲ್ಲೇ ಹೇಳಿ ಮುಗಿಸಿದರು. ಜನ ಹಕ್ಕಿಗಳನ್ನು ಬಿಟ್ಟು ಅವರ ಸುತ್ತ ನಿಂತಿದ್ದರು.

ಆಮೇಲೆ ಅವರ ಹೆಂಡತಿ ನನ್ನ ಹತ್ತಿರ ಬಂದರು. "ಸರ್, ಕೈ ಕಟ್ಟಿಕೊಂಡು ನಡಿಯೋ ಕಾರ್ಯಕ್ರಮ ಯಾವಾಗ ಇಡ್ತೀರಿ?"

ಆ ಕಡೆಯ ಮೂಗುತಿ

ಚಿತ್ರಶಾಲೆಯಲ್ಲಿ ಭಾವಚಿತ್ರ ಬರೆಯುವ ಶಿಬಿರ. ಸಂಡೂರಿನ ಅಜ್ಜಿಯೊಬ್ಬರು ಮೊಮ್ಮಗಳ ಒತ್ತಾಯಕ್ಕೆ ಕಲಾವಿದರ ಮುಂದೆ ಕೂತರು. ಕಲಾವಿದರು ಪಕ್ಕದಿಂದ ಕಾಣುವ ಹಾಗೆ ಮುಖ ಬರೆದರು. ಚಿತ್ರ ಮಸ್ತ್ ಬಂದಿತ್ತು. ಅಜ್ಜಿ ಮಾತ್ರ ಮುಖ ಸಣ್ಣ ಮಾಡಿದರು.

"ನನ್ನ ಮೂಗುತಿ ಎಲ್ಲೈತಪಾ? ನಮ್ಮವ್ವ ಕೊಟ್ಟಿದ್ದು."

"ಅದು ಆ ಕಡೆ ಐತಲ್ಲವ್ವಾ, ಈ ಕಡಿಂದ ಕಾಣಂಗಿಲ್ಲ."

ಅಜ್ಜಿ ಹಾಳೆ ತಿರುಗಿಸಿ ನೋಡಿದರು. "ಆ ಕಡೀನೂ ಇಲ್ಲಲ್ಲೋ!"

ಕಲಾವಿದರು ಹಾಳೆಯ ಹಿಂಬದಿಗೆ ಆ ಕಡೆಯ ಮುಖವನ್ನೂ ಮೂಗುತಿ ಸಮೇತ ಬರೆದುಕೊಟ್ಟರು. ಅಜ್ಜಿಗೆ ಖುಷಿಯೋ ಖುಷಿ. ಮೊಮ್ಮಗಳು ಕಂಗಾಲಾಗಿ ಕೇಳಿದಳು: "ಸರ್, ಇದನ್ನ ತೂಗು ಹಾಕೋದು ಹೆಂಗ್ರಿ? ಗೋಡಿಗೆ ತೂತು ಕೊರೀಬೇಕೇನು?"

ಸಪ್ಪನೆ ಪೇಡೆ

ಔಷಧಿ ಗಿಡಗಳ ಕಾರ್ಯಕ್ರಮಕ್ಕೆ ಕಂಪ್ಲಿಯ ರೈಸ್‌ಮಿಲ್ ಸಾಹುಕಾರರು ಮುಖ್ಯ ಅತಿಥಿ. "ಇದು ಮಧುನಾಶಿನಿ, ಶುಗರ್ ಇದ್ದವರು ಬಳಸೋ ಎಲೆ" ಎಂದು ಹೇಳಿ ಎಲ್ಲರಿಗೂ ಜಗಿಯಲು ಕೊಟ್ಟೆ. ಜಗಿದ ಮೇಲೆ ಸ್ವಲ್ಪ ಹೊತ್ತು ನಾಲಿಗೆಗೆ ಸಿಹಿಯೇ ಗೊತ್ತಾಗುವುದಿಲ್ಲ. ಆ ಗುಟ್ಟನ್ನು ಬಚ್ಚಿಟ್ಟು, ಬೆಲ್ಲ ತಿನ್ನಿಸಿ ಬೆರಗುಗೊಳಿಸೋಣವೆಂದು ಬೆಲ್ಲ ತರಲು ಆಫೀಸಿಗೆ ಹೋದೆ.

ಸಾಹುಕಾರರಿಗೆ ಆಗಷ್ಟೇ ಮೊಮ್ಮಗಳು ಹುಟ್ಟಿದ್ದಳು. ನಾನು ಅತ್ತ ಹೋದದ್ದೇ ತಡ, ಅವರು ಪೇಡೆ ಹಂಚಿಬಿಟ್ಟರು. ನಾನು ಬರುವಷ್ಟರಲ್ಲಿ ಗೇಟಿನೆದುರಿನ ಅಂಗಡಿಯ ಪೇಡೆಯವನನ್ನು ಕರೆಸಿ ನಡುವೆ ನಿಲ್ಲಿಸಿದ್ದರು.

"ಸಕ್ರೀನ ಹಾಕಿಲ್ಲಲ್ಲಲೇ! ಮೊಮ್ಮಗಳು ಹುಟ್ಟಿದ ಖುಷಿಗೆ ಎಲ್ಲಾರಿಗೂ ಮಣ್ಣು ತಿನ್ಸಿದಿ!"

ಅವನೊಂದು ಬಾಯಿಗೆ ಹಾಕಿಕೊಂಡ. "ಸಿಹಿ ಐತಲ್ರೀ ಸಾಹುಕಾರ್ರ!"

"ಇಲ್ಲ!" ಇಡೀ ಗುಂಪು ಕೂಗಿತು.

ಇನ್ನೊಂದು ತಿಂದ. "ಐತ್ರೀ!"

"ಇಲ್ಲ!"

ಅವನು ಗಾಬರಿಯಾಗಿ, ಬೆಲ್ಲ ಹಿಡಿದು ನಿಂತಿದ್ದ ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಎಳೆದ.

"ಸರ್, ಎಲ್ಲಾರಿಗೂ ಸಪ್ಪಗೈತಿ, ನನಗೊಬ್ಬನಿಗೇ ಸಿಹಿ ಅನ್ನಿಸಾಕತ್ತೈತಿ. ನನಗ ಶುಗರ್ ಭಾಳ ಏರೈತಿ ಅಂತ ಕಾಣ್ತೈತ್ರಿ. ಇವರೆಲ್ಲಾ ತಿಂದಾರಂತಲ್ಲ, ಆ ಎಲಿ ನನಗೂ ಒಂದು ಜಲ್ದಿ ಕೊಡ್ರಿ!"