ತಗಡಿನ ಡಬ್ಬಿಯಲ್ಲಿ ಅತ್ತೆಯ ಕೋಳಿ

ನನ್ನ ಮೈದುನನಿಗೆ ಹೆದರದ ಜೀವ ಘೋಡಗೇರಿಯಲ್ಲಿ ಇರಲಿಲ್ಲ. ಆತನೇನು ಪೈಲ್ವಾನನೇ? ಊದಿದರೆ ಹಾರುವಂಥ ಆಳು, ಗೋಕಾಕದಲ್ಲಿ ವಿಜ್ಞಾನದ ಮಾಸ್ತರ. ಆದರೂ ರವಿವಾರ ಆತ ಬಸ್ಸಿಳಿದನೆಂದರೆ ಓಣಿಯ ಹೆಂಗಸರು ಕೋಳಿಗಳನ್ನು ಬುಟ್ಟಿಯಡಿ ಮುಚ್ಚುತ್ತಿದ್ದರು. ಹಕ್ಕಿಯ ಮೈಯಲ್ಲಿ ತಾಸಿಗೆ ಎಷ್ಟು ಶಾಖ ಹುಟ್ಟುತ್ತದೆಂದು ಅಳೆಯುವುದು ಆತನ ಹುಚ್ಚು.

ಊರಿಗಿನ್ನೂ ಕರೆಂಟು ಬಂದಿರದ ಕಾಲ. ನಾನು ಹೊಸ ಸೊಸೆ.

"ವೈನಿ, ಕೋಳಿ ಮೈ ನಮಗಿಂತ ಬಿಸಿ ಇರತೈತಿ, ಗೊತ್ತೈತೇನ್ರಿ?" ಎಂದು ಮೈದುನ ಒಂದು ದಿನ ಕೇಳಿದ.

"ಜ್ವರ ಬಂದಿರಬೇಕ್ರಿ," ಎಂದೆ.

ನನ್ನ ತವರು ದಡ್ಡಿ. ಊರಿನ ಹೆಸರು ನನಗೂ ಒಪ್ಪುತ್ತದೆಂದು ಆತನಿಗೆ ಅಂದೇ ಖಾತ್ರಿಯಾಗಿ, ನನ್ನನ್ನೇ ಸಹಾಯಕಿ ಮಾಡಿಕೊಂಡ!

ಆತನ ಯಂತ್ರವೆಂದರೆ ದೊಡ್ಡ ಡಬ್ಬಿಯೊಳಗೊಂದು ಸಣ್ಣ ಡಬ್ಬಿ, ನಡುವೆ ನೀರು. ಒಳಗೆ ಕೂತ ಕೋಳಿಯ ಶಾಖಕ್ಕೆ ನೀರು ಎಷ್ಟು ಕಾಯುತ್ತದೆಂದು ಥರ್ಮಾಮೀಟರಿನಲ್ಲಿ ನೋಡಬೇಕು. ಗಾಳಿ ಸೋರದಂತೆ ಮುಚ್ಚಳಕ್ಕೆ ಮೇಣ. ನಾನು ಸೈಕಲ್ ಪಂಪಿನಿಂದ ರಬ್ಬರ್ ಕೊಳವೆಯಲ್ಲಿ ಒಳಗೆ ಗಾಳಿ ಒತ್ತಬೇಕು. ಹೊರಬಂದ ಉಸಿರು ಸುಣ್ಣದ ತಿಳಿನೀರಿನಲ್ಲಿ ಗುಳ್ಳೆಯೆದ್ದು ಅದನ್ನು ಬೆಳ್ಳಗೆ ಮಾಡಬೇಕು. ಮಾಡದಿದ್ದರೆ? ಕೇಳುವ ಧೈರ್ಯ ನನಗಿರಲಿಲ್ಲ.

ಓಣಿಯವರು ಯಾರೂ ಕೋಳಿ ಕೊಡಲಿಲ್ಲ. ಉಳಿದದ್ದು ಅತ್ತೆಯ ಚುಕ್ಕೆಕೋಳಿ. ಮಾವ ತೀರಿದ ಮೇಲೆ ಅತ್ತೆ ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಅದರ ಸಂಗಡ ಮಾತ್ರ.

"ಅದಕ್ಕೇನರ ಆದರ, ಆ ಡಬ್ಬ್ಯಾಗ ನಿನ್ನ ಕೂಡಸ್ತೇನಿ," ಎಂದು ಮಗನಿಗೆ ಹೇಳಿ ಬಾಗಿಲಲ್ಲೇ ಕೂತರು.

ಮೊದಲು ಒಳಗಿನಿಂದ ಕೊಕ್ ಕೊಕ್ ಕೇಳುತ್ತಿತ್ತು. ಆಮೇಲೆ ಪಂಪು ಬಿಗಿಯಾಯಿತು. ಗುಳ್ಳೆ ನಿಂತವು. ಸದ್ದೂ ನಿಂತಿತು.

"ನಿದ್ದಿ ಹತ್ತಿರಬೇಕು," ಎಂದ ಮೈದುನ.

ಕೊಳವೆ ಒಳಗೆಲ್ಲೋ ಮಡಚಿಕೊಂಡಿತ್ತು. ಮುಚ್ಚಳ ಎಳೆದರೆ ಬರಲಿಲ್ಲ. ಆತ ಕುಡಗೋಲು ಹಿಡಿದು ಮೇಣ ಕೆತ್ತತೊಡಗಿದ. ಬೆರಳು ಕೊಯ್ದುಕೊಂಡರೂ ನಿಲ್ಲಿಸಲಿಲ್ಲ. ಕೊನೆಗೆ ಮುಚ್ಚಳ ಕಿತ್ತು ಬಂದಾಗ ಕೋಳಿ ಕತ್ತು ಚೆಲ್ಲಿ ಬಿದ್ದಿತ್ತು.

ಆತ ಅದನ್ನೆತ್ತಿ ಅಂಗಳಕ್ಕೆ ಓಡಿ, ಎದೆಗವಚಿಕೊಂಡು ಕುಸಿದ. "ಉಸಿರಾಡ ನಮ್ಮವ್ವಾ, ಉಸಿರಾಡ," ಎನ್ನುತ್ತಿದ್ದ. ಅದು ಒಮ್ಮೆ ಕೊಕ್ಕು ತೆರೆಯಿತು. ಮತ್ತೊಮ್ಮೆ ತೆರೆಯಿತು. ಆಮೇಲೆ ಆತನ ಇಸ್ತ್ರಿ ಅಂಗಿಯ ಮೇಲೆ ಹೇತು, ರೆಕ್ಕೆ ಬಡಿಯುತ್ತ ಓಡಿಹೋಯಿತು.

ಇನ್ನು ಈತನ ಗತಿಯೇನೆಂದು ನಾನು ಬಾಗಿಲತ್ತ ನೋಡಿದೆ. ಅತ್ತೆ ಎದ್ದು ಮಗನ ಬಳಿ ಹೋದರು. ಬೈಯಲಿಲ್ಲ. ಬಾಜೂ ಕೂತು, ರಕ್ತ ಮೆತ್ತಿದ ಮಗನ ಕೈಗಳನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡರು.

"ಎಷ್ಟ ತಣ್ಣಗ ಆಗ್ಯಾವಲ್ಲೋ," ಎಂದರು. "ಕೋಳಿ ಹೋದರ ಇನ್ನೊಂದು ಸಾಕ್ತೇನಿ. ನೀ ಹೆದರಬ್ಯಾಡ."