ಎಂದೂ ಸಿಕ್ಕಾಗದ ದಾರದ ತಯಾರಕರಿಗೆ

ಮಾನ್ಯರೇ,

ತಮ್ಮ ಕಾರ್ಖಾನೆಗೂ, ಅಲ್ಲಿ ಹಗಲಿರುಳು ಗಾಳದ ದಾರ ಹೆಣೆಯುವ ಯಂತ್ರಗಳಿಗೂ, ಡಬ್ಬಿಯ ಮೇಲೆ 'ಎಂದೂ ಸಿಕ್ಕಾಗದು' ಎಂದು ಚಿನ್ನದ ಬಣ್ಣದಲ್ಲಿ ಅಚ್ಚು ಹಾಕಿಸಿದ ಧೈರ್ಯವಂತರಿಗೂ ನನ್ನ ಗೌರವಪೂರ್ವಕ ನಮಸ್ಕಾರಗಳು. ದೂರುಗಳನ್ನು ಓದಿ ಓದಿ ತಮಗೆ ಸಾಕಾಗಿರಬಹುದು. ದಾರ ತುಂಡಾಯಿತು, ಬಣ್ಣ ಬಿಟ್ಟಿತು, ಮೀನು ತಪ್ಪಿಸಿಕೊಂಡಿತು ಎಂದು ಬರೆಯುವವರ ಸಾಲಿಗೆ ದಯವಿಟ್ಟು ನನ್ನನ್ನು ಸೇರಿಸಬೇಡಿ. ತಮ್ಮ ದಾರ ಡಬ್ಬಿಯ ಮೇಲೆ ಹೇಳಿದ ಹಾಗೆಯೇ ನಡೆದುಕೊಂಡಿದೆ. ನನ್ನ ದೂರು ಇರುವುದೇ ಅಲ್ಲಿ.

ನಾನು ಲಿಫ್ಟ್ ಪರೀಕ್ಷಕ. ಜನರನ್ನು ಮೇಲಕ್ಕೂ ಕೆಳಕ್ಕೂ ಒಯ್ಯುವ ಉಕ್ಕಿನ ಹಗ್ಗಗಳನ್ನು ನೋಡಿ, ಬ್ರೇಕಿನ ಬಿಗಿ ಪರೀಕ್ಷಿಸಿ, ಎಲ್ಲ ಸರಿಯಿದ್ದರೆ ಬ್ರೇಕಿನ ತಿರುಪಿನ ಮೇಲಿಂದ ಪಕ್ಕದ ಲೋಹದವರೆಗೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆಯುವುದು ನನ್ನ ಕೆಲಸ. ಆಮೇಲೆ ಯಾರಾದರೂ ಆ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರೂ ಗೆರೆ ಮುರಿದು ಅವರ ಕೈವಾಡ ಬಯಲಾಗುತ್ತದೆ. ಇಂಥ ಮನುಷ್ಯ ಗಾಳದ ದಾರ ಕೊಳ್ಳಲು ಹೊರಟರೆ ಅಂಗಡಿಯವರ ಪಾಡೇನೆಂದು ತಾವೇ ಊಹಿಸಿಕೊಳ್ಳಿ.

ಗಾಳದ ಹವ್ಯಾಸ ಮೂಲತಃ ನನ್ನ ಮಾವನವರದು. ನನ್ನ ಹೆಂಡತಿಯ ತಂದೆಯಾದ ಅವರು ನಿವೃತ್ತ ಬಸ್ ಚಾಲಕರು. 'ಚಾಲಕರೊಡನೆ ಮಾತನಾಡಬೇಡಿ' ಎಂಬ ಫಲಕದ ಕೆಳಗೆ ಇಡೀ ನೌಕರಿ ಕಳೆದ ಅವರು ನಿವೃತ್ತಿಯ ದಿನ ಆ ಫಲಕವನ್ನೂ ಬಿಚ್ಚಿ ತಂದರೇನೋ ಎಂದು ನಮ್ಮ ಅನುಮಾನ. ಅತ್ತೆಯವರು ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾರೆ. ಊಟದ ಮೇಜಿನಲ್ಲಿ "ಉಪ್ಪು" ಎನ್ನುತ್ತಾರೆ, ಉಪ್ಪು ಸರಿಸಿದರೆ "ಹೂಂ" ಎನ್ನುತ್ತಾರೆ, ಅಲ್ಲಿಗೆ ಆ ದಿನದ ಸಂಭಾಷಣೆ ಮುಗಿಯುತ್ತದೆ. ನಾನೂ ಮಾತಿನಲ್ಲಿ ಅಷ್ಟಕ್ಕಷ್ಟೇ. ಇದನ್ನು ಸಹಿಸಲಾರದೆ ನನ್ನ ಹೆಂಡತಿ ಒಂದು ಭಾನುವಾರ, "ಅಪ್ಪನ್ನ ಕರ್ಕೊಂಡು ಕೆರೆಗಾದ್ರೂ ಹೋಗಿ. ನೀವಿಬ್ರೂ ಹೀಗೆ ಎದುರುಬದುರು ಕೂತ್ರೆ ಗೋಡೆಗೂ ಬೇಜಾರಾಗತ್ತೆ" ಎಂದು ನಮ್ಮನ್ನು ಆಚೆ ಕಳಿಸಿ ಬಾಗಿಲು ಹಾಕಿಕೊಂಡಳು.

ಮಾವನವರು ತಮ್ಮ ಹಳೆಯ ರೀಲನ್ನು ನನ್ನ ಕೈಗಿತ್ತರು. ತಮಗೆ ತಿಳಿಯದ್ದೇನಲ್ಲ, ಆ ಬಗೆಯ ರೀಲಿನಲ್ಲಿ ದಾರದ ತುದಿಗೆ ಕಟ್ಟಿದ ನಕಲಿ ಮೀನನ್ನು ನೀರಿನತ್ತ ಎಸೆದಾಗ ದಾರ ಸುತ್ತಿದ ಉರುಳೆಯೂ ಗರಗರನೆ ತಿರುಗುತ್ತದೆ. ನಕಲಿ ಮೀನು ಗಾಳಿಯಲ್ಲಿ ನಿಧಾನವಾಗುತ್ತದೆ, ಆದರೆ ಉರುಳೆಗೆ ಆ ಸುದ್ದಿ ತಲುಪುವುದಿಲ್ಲ. ಹೆಬ್ಬೆರಳಿನಿಂದ ಮೆತ್ತಗೆ ಒತ್ತಿ ಸುದ್ದಿ ಮುಟ್ಟಿಸದಿದ್ದರೆ, ಹೊರಟ ದಾರ ಹೋಗಲು ದಾರಿಯಿಲ್ಲದೆ ರೀಲಿನಲ್ಲೇ ಉಬ್ಬಿ, ವಾರದಿಂದ ಬಾಚದ ತಲೆಯ ಹಾಗೆ ಎದ್ದು ನಿಲ್ಲುತ್ತದೆ. ನನ್ನ ಹೆಬ್ಬೆರಳು ಸುದ್ದಿ ಮುಟ್ಟಿಸುವುದರಲ್ಲಿ ನನ್ನಷ್ಟೇ ಸಂಕೋಚದ್ದು. ಮೇಲಾಗಿ ಅದರಲ್ಲಿದ್ದದ್ದು ನೈಲಾನಿನ ಹಳೆಯ ಒಂಟಿ ಎಳೆ. ಸುತ್ತಿಕೊಂಡು ಕಳೆದ ದಿನಗಳನ್ನು ಮರೆಯದೆ ಅದು ನೀರಿನ ಮೇಲೂ ಸುರುಳಿ ಸುರುಳಿಯಾಗಿಯೇ ಮಲಗುತ್ತಿತ್ತು, ಎಳೆದರೆ ಹಿಗ್ಗುತ್ತಿತ್ತು. ಮೀನು ಕಚ್ಚಿದ ಸಮಾಚಾರ ನನ್ನ ಕೈಗೆ ಬರುವಷ್ಟರಲ್ಲಿ ಮೀನು ಬೇರೆ ಕೆಲಸಕ್ಕೆ ಹೋಗಿರುತ್ತಿತ್ತು.

ಸಿಕ್ಕಾದಾಗಲೆಲ್ಲ ಮಾವನವರು "ಕೊಡಿ ಇಲ್ಲಿ" ಎಂದು ರೀಲನ್ನು ಮಡಿಲಿಗೆ ಎಳೆದುಕೊಂಡು, ಜೇಬಿನಿಂದ ಅತ್ತೆಯವರು ಉಲ್ಲನ್ ಹೆಣೆಯುತ್ತಿದ್ದ ಕ್ರೋಷಾ ಕಡ್ಡಿ ತೆಗೆದು, ಒಂದೊಂದೇ ಕುಣಿಕೆ ಬಿಡಿಸಲು ಕೂರುತ್ತಿದ್ದರು. ಆಗ ಒಂದು ವಿಚಿತ್ರ ನಡೆಯುತ್ತಿತ್ತು. ಕಣ್ಣೂ ಕೈಯೂ ಗಂಟಿನಲ್ಲಿ ಮುಳುಗಿರುವಾಗ ಬಾಯಿಯ ಕಾವಲಿಗೆ ಯಾರೂ ಉಳಿಯುತ್ತಿರಲಿಲ್ಲವೋ ಏನೋ, ಅವರು ಮಾತಾಡುತ್ತಿದ್ದರು! ಸಣ್ಣ ಗಂಟಿಗೆ ನಿಂತಲ್ಲೇ ಗೊರಕೆ ಹೊಡೆಯುತ್ತಿದ್ದ ಕಂಡಕ್ಟರನ ಕಥೆ. ಅದಕ್ಕಿಂತ ದೊಡ್ಡದಕ್ಕೆ ಮಂಚವನ್ನೇ ಬಸ್ಸಿಗೆ ಹತ್ತಿಸಿ ಅದರ ಮೇಲೆ ಕೂತು, "ನಾನು ನಿಮ್ಮ ಸೀಟೇ ಉಪಯೋಗಿಸ್ತಿಲ್ಲ, ಟಿಕೆಟ್ ಯಾಕೆ?" ಎಂದು ವಾದಿಸಿದ ಪ್ರಯಾಣಿಕನ ಕಥೆ. ಒಂದು ಭಾನುವಾರ ನಾನು ಗಾಳಿಗೆ ಎದುರಾಗಿ ಎಸೆದು, ಅದುವರೆಗಿನ ಎಲ್ಲವನ್ನೂ ಮೀರಿಸುವ ಸಿಕ್ಕು ತಯಾರಿಸಿದೆ. ಮಾವನವರು ಬಹಳ ಹೊತ್ತು ಅದರಲ್ಲಿ ಕಡ್ಡಿಯಾಡಿಸಿ, ತಲೆಯೆತ್ತದೆ ಶುರು ಮಾಡಿದರು: "ನಿಮ್ಮ ಅತ್ತೆ ನನ್ನ ಬಸ್ಸಿಗೇ ಬರೋಳು, ಗೊತ್ತಾ ಅಳಿಯಂದ್ರೇ? ಆಗಿನ್ನೂ ಮದುವೆ ಇಲ್ಲ, ಮಾತೂ ಇಲ್ಲ. ಒಂದಿನ ಕೊನೇ ಸ್ಟಾಪು ಬಂತು. ಎಲ್ಲಾರೂ ಇಳಿದ್ರು. ಇವಳು ಇಳೀಲೇ ಇಲ್ಲ. ಕನ್ನಡೀಲಿ ನೋಡ್ತೀನಿ..." ಅಷ್ಟರಲ್ಲಿ ಕೊನೆಯ ಕುಣಿಕೆ ಬಿಚ್ಚಿಕೊಂಡಿತು. "ಹಾಂ, ಬಂತು. ಎಸೀರಿ" ಎಂದು ರೀಲು ಹಿಂತಿರುಗಿಸಿ, ಬಾಯಿಗೆ ಬೀಗ ಹಾಕಿಕೊಂಡರು.

ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು. "ಇಳೀಲಿಲ್ವಾ? ಯಾಕೆ? ಆಮೇಲೆ?" "ಗಂಟು ಬಿಚ್ಚಿಕೊಂಡ್ಬಿಡ್ತು" ಎಂದೆ. "ಗಂಟು ಬಿಚ್ಚಿದ್ರೆ ಏನಂತೆ, ಕೇಳೋದಲ್ವಾ! ಅಮ್ಮನ್ನ ಎಷ್ಟು ಸಲ ಕೇಳಿದೀನಿ, ಬರೀ ನಗೋಳು. ಇನ್ನು ಅದು ಗೊತ್ತಿರೋದು ಅಪ್ಪಂಗೊಬ್ರಿಗೇ" ಎಂದು ಮತ್ತೆ ನಲ್ಲಿ ತಿರುಗಿಸಿದವಳು, ತೊಳೆದ ತಟ್ಟೆಯನ್ನೇ ಪುನಃ ತೊಳೆದಳು.

ಇಲ್ಲಿ ನಾನೊಂದು ದೊಡ್ಡ ಬುದ್ಧಿವಂತಿಕೆ ಮಾಡಿದೆ. ವಯಸ್ಸಾದವರು ಭಾನುವಾರವೆಲ್ಲ ನನ್ನ ಗಂಟು ಬಿಡಿಸುತ್ತ ಕೂರಬೇಕಲ್ಲ, ಅವರಿಗೆ ಆರಾಮವಾದರೆ ಕಥೆಯೂ ಆರಾಮವಾಗಿ ಬಂದೀತು ಎಂದು ಹೊಸ ದಾರ ಆರಿಸಲು ಅಂಗಡಿಗೆ ಹೋದೆ. ಅಂಗಡಿಯವರು ಮೊದಲು ಫ್ಲೋರೋಕಾರ್ಬನ್ ದಾರ ತೋರಿಸಿದರು. ನೀರಿನೊಳಗೆ ಅದು ಕಣ್ಣಿಗೆ ಬೀಳುವುದು ಕಡಿಮೆ, ಆಳಕ್ಕೆ ಮುಳುಗುತ್ತದೆ. ಆದರೆ ನನ್ನ ನಕಲಿ ಮೀನು ಮೇಲೆ ತೇಲುವಂಥದು, ಅದರ ಮೂಗು ಹಿಡಿದು ಕೆಳಗೆ ಜಗ್ಗುವ ದಾರ ಬೇಡವೆಂದೆ. ಮೇಲಾಗಿ ಅದು ಸೆಟೆದ ಸ್ವಭಾವದ್ದು, ಉರುಳೆಯಿಂದ ಸ್ಪ್ರಿಂಗಿನಂತೆ ಚಿಮ್ಮುತ್ತಿತ್ತು. ಆಮೇಲೆ ತೆಳ್ಳನೆಯ ಹೆಣಿಗೆ ದಾರ ಬಂತು. ಅದು ಗಟ್ಟಿ, ಹಿಗ್ಗುವುದೂ ಇಲ್ಲ. ಆದರೆ ಜೋರಾಗಿ ಎಳೆದರೆ ತನ್ನದೇ ಸುತ್ತುಗಳ ನಡುವೆ ಕೊರೆದು ಇಳಿದು, ಮುಂದಿನ ಎಸೆತಕ್ಕೆ ಹೊರಬರಲು ಒಪ್ಪುವುದಿಲ್ಲ. ಕೊನೆಗೆ ತಮ್ಮ ದಪ್ಪ ಹೆಣಿಗೆಯ, ನುಣ್ಣನೆಯ ಲೇಪದ ದಾರ ಮೇಜಿನ ಮೇಲೆ ಬಂತು. ಎಷ್ಟು ಭಾರಕ್ಕೆ ಎಷ್ಟು ಪಟ್ಟು ತಾಳಿಕೆಯಿದೆ, ಸವೆತ ಎಲ್ಲಿಂದ ಶುರುವಾಗುತ್ತದೆ, ಬದಲಿಸುವ ಅವಧಿ ಯಾವುದು ಎಂದು ನಾನು ವಿಚಾರಿಸಿದಾಗ ಅಂಗಡಿಯವರು ಕನ್ನಡಕ ತೆಗೆದು, "ಸಾರ್, ನೀವು ಮೀನು ಹಿಡೀತೀರೋ, ಮೀನನ್ನ ಮೇಲಿನ ಮಹಡಿಗೆ ಕರ್ಕೊಂಡು ಹೋಗ್ತೀರೋ?" ಎಂದರು. ಆಮೇಲೆ, "ಇದು ಸಿಕ್ಕಾದ್ರೆ ನನ್ನ ಹೆಸರು ಬದಲಾಯಿಸ್ಕೋತೀನಿ" ಎಂದು ಆಣೆಯಿಟ್ಟರು. ಅವರ ಹೆಸರು ನನಗೆ ಗೊತ್ತಿಲ್ಲದ ಕಾರಣ ಆ ಆಣೆಯ ತೂಕ ಅಳೆಯಲಾಗಲಿಲ್ಲ. ಹೊಸ ದಾರ ಜಾರದಿರಲೆಂದು ಅಡಿಗೆ ಒಂದಿಷ್ಟು ನೈಲಾನ್ ಸುತ್ತಿ, ಅದರ ಮೇಲೆ ತಮ್ಮದನ್ನು ತುಂಬಿ, ರೀಲಿನ ಪಕ್ಕದಲ್ಲಿ ಉರುಳೆಯ ಓಟ ತಡೆಯುವ ಬ್ರೇಕಿನ ತಿರುಪನ್ನು ಬಿಗಿಮಾಡಿ, "ಇದನ್ನ ಮುಟ್ಟಬೇಡಿ" ಎಂದರು. ಮುಟ್ಟುವವನಲ್ಲ ನಾನು. ಮನೆಗೆ ಬಂದವನೇ ತಿರುಪಿನ ಮೇಲೆ ಕೆಂಪು ಗೆರೆ ಎಳೆದೆ.

ಮಾನ್ಯರೇ, ಅಂದಿನಿಂದ ಸಿಕ್ಕೆಂಬುದೇ ಇಲ್ಲ. ನನ್ನ ನಕಲಿ ಮೀನು ಹಕ್ಕಿಯಂತೆ ಹಾರಿ, ನಾನು ನೋಡಿದ ಜಾಗದಲ್ಲೇ ಇಳಿಯುತ್ತದೆ. ನಿಜವಾದ ಮೀನುಗಳೂ ಬಂದಿವೆ. ಮನೆಗೆ ಒಯ್ದರೆ ನನ್ನ ಹೆಂಡತಿ ಚೀಲದ ಕಡೆ ಕಣ್ಣೂ ಹಾಯಿಸದೆ, "ಅದಿರ್ಲಿ, ಇಳಿದ್ಲಾ?" ಎನ್ನುತ್ತಾಳೆ. ಮಾವನವರು ಜೇಬಿನಲ್ಲಿ ಕ್ರೋಷಾ ಕಡ್ಡಿ ಇಟ್ಟುಕೊಂಡು, ನೆಟ್ಟಗೆ ಕೂತು, ನೀರು ನೋಡುತ್ತಾರೆ. ಒಮ್ಮೆ ನನ್ನ ಎಸೆತ ಕಂಡು, "ಚೆನ್ನಾಗಿ ಎಸೀತೀರಿ ಈಗ" ಎಂದರು. ಯಾರಿಗೋ ವರ್ಗವಾದ ಸುದ್ದಿ ಹೇಳುವ ದನಿ ಅದು. ನೇರವಾಗಿ ಕೇಳಬಾರದೇ ಎನ್ನುವಿರಿ. ಕೇಳಿದೆ. "ಏನಿಲ್ಲ ಬಿಡಿ, ಹಳೇ ಕಥೆ" ಎಂದರು. ಬೇಕೆಂದೇ ಹೆಬ್ಬೆರಳು ಎತ್ತಿ ಎಸೆದೂ ನೋಡಿದೆ. ತಮ್ಮ ದಾರ ತುಸು ಸಡಿಲವಾಗಿ, ತಪ್ಪಾಯಿತೆಂಬಂತೆ ಮತ್ತೆ ಸಾಲಾಗಿ ಮಲಗಿತು. ತಿರುಪು ಸಡಿಲಿಸಿದರೆ ಆಗುತ್ತಿತ್ತು, ಬಲ್ಲೆ. ಆದರೆ ಬಿಗಿ ಮಾಡಿದ ಬ್ರೇಕನ್ನು ಬೇಕೆಂದೇ ಸಡಿಲಿಸಲು ನನ್ನ ಕೈ ಏಳುವುದಿಲ್ಲ. ಅದಕ್ಕಿಂತ ಲಿಫ್ಟಿನ ಗುಂಡಿಗೆ ಹಾರುವುದು ನನಗೆ ಸುಲಭ.

ಆದ್ದರಿಂದ ತಮ್ಮಲ್ಲಿ ಸವಿನಯ ಬಿನ್ನಹ. ನಂಬಿ ಎಸೆದರೆ ನಂಬಿಕೆಗೆ ತಕ್ಕಂತೆ ಸಿಕ್ಕಾಗುವ ದಾರವೊಂದನ್ನು ತಾವು ಸಿದ್ಧಪಡಿಸಬೇಕು. ಹವಾಮಾನದ ಮಾತಿಗೆ ಸಾಕಾಗುವಂಥದ್ದನ್ನು ಚಿಕ್ಕ ಡಬ್ಬಿಯಲ್ಲೂ, ಬಸ್ ಡಿಪೋದ ರಾಜಕೀಯದ ಮಾತಿಗೆ ಸಾಲುವಂಥದ್ದನ್ನು ಮಧ್ಯಮ ಡಬ್ಬಿಯಲ್ಲೂ ಮಾರಬಹುದು. ಇಳಿಯದೆ ಕೂತ ಒಬ್ಬ ಹೆಣ್ಣುಮಗಳು ಕೊನೆಗೂ ಇಳಿಯುವವರೆಗೆ ಬಿಚ್ಚಿಕೊಳ್ಳದಂಥ ಸಿಕ್ಕಿನ ದಾರಕ್ಕೆ ತಾವು ಹೇಳಿದಷ್ಟು ಬೆಲೆ ಕೊಡುತ್ತೇನೆ. ಅದು ಆಗದಿದ್ದರೆ, ತಮ್ಮಲ್ಲಿ ಒಳ್ಳೆಯ ದಾರ ಮಾಡಲು ಬಾರದ ನೌಕರರಿದ್ದರೆ ಅವರ ವಿಳಾಸವನ್ನಾದರೂ ಕಳಿಸಿಕೊಡಬೇಕು.

ಗಂಟೊಂದರ ನಿರೀಕ್ಷೆಯಲ್ಲಿರುವ,
ತಮ್ಮ ವಿಶ್ವಾಸಿ,
ಒಬ್ಬ ಪೂರ್ಣ ತೃಪ್ತ ಗ್ರಾಹಕ

ತಾ.ಕ.: ಪತ್ರ ಅಂಚೆಗೆ ಹಾಕುವಷ್ಟರಲ್ಲಿ ಇನ್ನೊಂದು ಭಾನುವಾರ ಬಂತು. ಮೊದಲ ಎಸೆತಕ್ಕೇ ತಮ್ಮ ದಾರ ಪೊದೆಯಾಗಿ ಎದ್ದು ನಿಂತಿತು. ತಿರುಗಿ ನೋಡಿದರೆ ಮಾವನವರ ಕೈಗೆ ಕ್ರೋಷಾ ಕಡ್ಡಿ ಆಗಲೇ ಬಂದಿತ್ತು. "ಕೊಡಿ ಇಲ್ಲಿ. ಎಲ್ಲಿಗೆ ನಿಲ್ಲಿಸಿದ್ದೆ?" "ಕೊನೇ ಸ್ಟಾಪು, ಮಾವ." "ಹಾಂ. ಅವಳ ಉಲ್ಲನ್ ಉಂಡೆ ಕೈಜಾರಿ, ಸೀಟಿನ ಕಾಲಿಗೆಲ್ಲ ಸುತ್ಕೊಂಡು, ನನ್ನ ಪೆಡಲ್ ತನಕ ಬಂದಿತ್ತು. ಇಬ್ರೂ ಬಗ್ಗಿ ಬಿಡಿಸ್ತಾ ಕೂತು ಮುಂದಿನ ಟ್ರಿಪ್ಪೇ ತಡ. ಬೇಕಂತಲೇ ಬಿಟ್ಟಿದ್ದು ಅಂತ ನಿಮ್ಮ ಹೆಂಡ್ತಿ ಹುಟ್ಟಿದ ಮೇಲೆ ಅವಳೇ ಹೇಳಿದ್ಲು, ಕಳ್ಳಿ." ಅವರ ಮಡಿಲಲ್ಲಿದ್ದ ರೀಲಿನ ಪಕ್ಕಕ್ಕೆ ನನ್ನ ಕಣ್ಣು ಹೋಯಿತು. ಕೆಂಪು ಗೆರೆ ಮುರಿದಿತ್ತು. ಮಾವನವರು ಥಟ್ಟನೆ ನೀರಿನ ಕಡೆ ನೋಡತೊಡಗಿದರು. ಸಡಿಲಿಸಿದ ಬ್ರೇಕು ಕಂಡರೆ ಆ ಕ್ಷಣವೇ ವರದಿ ಮಾಡಬೇಕಾದ ನಾನು ಜೀವನದಲ್ಲಿ ಮೊದಲ ಬಾರಿ ಕಂಡರೂ ಕಾಣದಂತೆ ಕೂತೆ. ಮನೆಯಲ್ಲಿ ಹೆಂಡತಿ ಒಲೆ ಆರಿಸಿ ಬಂದು ಕಥೆ ಕೇಳಿದಳು, "ಕಳ್ಳಿ" ಎಂಬ ಮಾತನ್ನು ಮಾತ್ರ ಮತ್ತೆ ಮತ್ತೆ ಹೇಳಿಸಿಕೊಂಡಳು. ಮದುವೆಯ ಕಥೆ ಇನ್ನೂ ಬಾಕಿಯಿರುವುದರಿಂದ ನಾನು ಹೊಸ ಗೆರೆ ಎಳೆದಿಲ್ಲ. ಹೀಗಾಗಿ ಮೇಲಿನ ದೂರನ್ನು ಹಿಂತೆಗೆದುಕೊಳ್ಳುತ್ತೇನೆ. ತಮ್ಮ ದಾರ ಬಹಳ ಚೆನ್ನಾಗಿ ಸಿಕ್ಕಾಗುತ್ತದೆ ಎಂದು ಪರೀಕ್ಷಕನ ಹೊಣೆಯಿಂದ ದೃಢೀಕರಿಸುತ್ತೇನೆ. ಬೇಕಿದ್ದರೆ ಈ ಮಾತನ್ನು ಡಬ್ಬಿಯ ಮೇಲೆ ಚಿನ್ನದ ಬಣ್ಣದಲ್ಲೇ ಹಾಕಿಸಿಕೊಳ್ಳಬಹುದು.